ಪರದಿ ಮ್ಯಾಲ ಏನೂ ಬರವಲ್ದು

ಕೆಟ್ಟ ಯಂತ್ರ ನೋಡಲು ಹೋದವನಿಗೆ ಯಂತ್ರವೊಂದನ್ನು ಬಿಟ್ಟು ಉಳಿದದ್ದೆಲ್ಲ ನೋಡಲು ಸಿಗುತ್ತದೆ. ಒಂದು ಸಲ ಹೀಗಾದರೆ ಅಪರೂಪ ಎಂದು ಸುಮ್ಮನಿರಬಹುದು. ನನಗೆ ಇಂಥವು ಸಂತೆಯ ಹಾಗೆ ವಾರಕ್ಕೊಮ್ಮೆ ಗಂಟು ಬೀಳುತ್ತಿದ್ದವು.

ನಾನು ಗುಂಡಗುರ್ತಿಯ ಸಾಲಿ ಮಾಸ್ತರರ ಮಗ. ಓದು ತಲೆಗೆ ಹತ್ತಲಿಲ್ಲ, ತಂತಿ ಹತ್ತಿತು. ಶಹಾಬಾದಿನ ಒಂದು ಅಂಗಡಿಯಲ್ಲಿ ಮೊದಲು ರೇಡಿಯೋ, ಆಮೇಲೆ ಟಿವಿ ರಿಪೇರಿ ಮಾಡುತ್ತಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಹೈದರಾಬಾದಿನ ಒಂದು ಕಂಪನಿಯವರು ನಮ್ಮ ಕಡೆಯ ಕಾರ್ಖಾನೆ, ಕಚೇರಿಗಳಿಗೆ ಕಂಪ್ಯೂಟರ್ ಮಾರಲು ಶುರು ಮಾಡಿದರು. ಮಾರಿದ ಮೇಲೆ ಕೆಡುತ್ತವೆ, ಕೆಟ್ಟರೆ ಯಾರಾದರೂ ಹೋಗಬೇಕು. ನಮ್ಮ ಬಸ್ಸು, ನಮ್ಮ ಬಿಸಿಲು, ನಮ್ಮ ಮಾತು ಮೂರನ್ನೂ ತಡೆದುಕೊಳ್ಳುವವನು ಬೇಕಿತ್ತು. ನಾನು ಸಿಕ್ಕೆ.

ಹದಿನೈದು ದಿನ ತರಬೇತಿ ಕೊಟ್ಟರು. ಅದರಲ್ಲಿ ನನಗೆ ಅರ್ಥವಾದದ್ದು ಇಷ್ಟು: ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಗೇಣುದ್ದದ ಒಂದು ಹಸಿರು ಹಲಗೆ ಇರುತ್ತದೆ. ಅದಕ್ಕೆ ಡಿಸ್‌ಪ್ಲೇ ಕಾರ್ಡು ಎಂದು ಹೆಸರು. ಪರದೆಯ ಮೇಲೆ ಅಕ್ಷರ, ಚಿತ್ರ ಏನೇ ಬಂದರೂ ಅದು ಕಳಿಸಿದ್ದು. ಅದರ ಕೆಳಗಿನ ಅಂಚಿನಲ್ಲಿ ಬಂಗಾರದ ನೀರು ಕುಡಿಸಿದ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಆ ಹಲ್ಲುಗಳು ಒಂದು ಸೀಳಿನೊಳಗೆ ಕಚ್ಚಿ ಕೂತರೆ ಪರದೆ ಬೆಳಗುತ್ತದೆ. ನಮ್ಮ ಕಡೆ ಒಂದು ಊರಿನಲ್ಲಿ ಕಲ್ಲಿನ ಪುಡಿ, ಇನ್ನೊಂದು ಊರಿನಲ್ಲಿ ಸಿಮೆಂಟಿನ ಪುಡಿ. ಹಲ್ಲಿಗೆ ಕೊಳೆ ಕೂತಿತೆಂದರೆ ಪರದೆ ಕತ್ತಲೆ. ಅದಕ್ಕೆ ಔಷಧ ಏನು? ಕಾರ್ಡು ಹೊರಗೆ ತೆಗೆಯುವುದು, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲು ತಿಕ್ಕುವುದು, ತಿರುಗಿ ಕೂಡಿಸುವುದು. ಅಷ್ಟೇ. ನನ್ನ ಚೀಲದಲ್ಲಿ ಹತ್ತು ಥರದ ಸಾಮಾನಿದ್ದರೂ ಅನ್ನ ಕೊಟ್ಟದ್ದು ಆ ರಬ್ಬರು.

ಕಂಪನಿಯ ಮಾಲೀಕರು ಮೂಲತಃ ಬೀದರ ಕಡೆಯವರು, ಕನ್ನಡ ಓದಬಲ್ಲವರು. ಅವರು ನನ್ನನ್ನು ಆರು ತಿಂಗಳ ಪರೀಕ್ಷೆಯ ಮೇಲೆ ಇಟ್ಟುಕೊಂಡಿದ್ದರು. ಪ್ರತಿ ಕೆಲಸಕ್ಕೂ ಒಂದು ಚೀಟಿ. ಅದರಲ್ಲಿ 'ದೋಷದ ಕಾರಣ' ಎಂಬ ಕಾಲಮ್ಮು ನಾನು ತುಂಬಬೇಕು. 'ಷರಾ' ಎಂಬ ಕಾಲಮ್ಮು ಗಿರಾಕಿ ತುಂಬಿ ಸಹಿ ಹಾಕಬೇಕು. "ಆರು ತಿಂಗಳಾಗ ಎರಡು ಚೀಟಿ ಸಹಿ ಇಲ್ಲದ ಬಂದ್ವು ಅಂದ್ರ ನೀ ನಿನ್ನ ರೇಡಿಯೋ ಅಂಗಡಿ ಹಾದಿ ಹಿಡಿ" ಎಂದು ಮೊದಲ ದಿನವೇ ಹೇಳಿದ್ದರು.

ಇದಿಷ್ಟೇ ಆಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಅದೇ ಹೊತ್ತಿಗೆ ನನ್ನ ತಂದೆ ನನ್ನ ಜಾತಕವನ್ನು ಸೇಡಮಿಗೆ ಕಳಿಸಿದ್ದರು. ಹುಡುಗಿಯ ತಂದೆ ಅಲ್ಲಿ ಒಂದು ಕಾರ್ಖಾನೆಯ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಅವರಿಂದ ಒಂದು ಅಂಚೆ ಕಾರ್ಡು ಬಂತು: 'ಜಾತಕ ಕೂಡಿದೆ. ನೌಕರಿ ಕಾಯಂ ಆದ ಮೇಲೆ ಮುಂದಿನ ಮಾತು.' ಹುಡುಗಿಯ ಫೋಟೋ ಅದಕ್ಕೆ ಮೊದಲೇ ಬಂದಿತ್ತು. ಆ ಫೋಟೋ ನೋಡಿದ ಮೇಲೆ 'ಕಾಯಂ' ಎಂಬ ಶಬ್ದದ ಮೇಲೆ ನನಗೆ ವಿಪರೀತ ಪ್ರೀತಿ ಹುಟ್ಟಿತು.

೧. ಭೋಂಗಾ

ಮೊದಲ ಕೆಲಸ ಶಹಾಬಾದಿನಲ್ಲೇ, ಒಂದು ಕಲ್ಲಿನ ಕಂಪನಿಯ ಕಚೇರಿಯಲ್ಲಿ. ಶಹಾಬಾದೆಂದರೆ ಕಾರ್ಖಾನೆಯ ಭೋಂಗಾದ ಮೇಲೆ ನಡೆಯುವ ಊರು. ಭೋಂಗಾ ಕೂಗಿದರೆ ಗಂಡಸರು ಎದ್ದು ಹೊರಡುತ್ತಾರೆ, ಹೆಂಗಸರು ಎಸರಿಡುತ್ತಾರೆ. ಗಡಿಯಾರ ಇದ್ದವರೂ ಭೋಂಗಾ ಕೇಳಿಯೇ ಗಡಿಯಾರ ತಿರುಗಿಸಿಕೊಳ್ಳುತ್ತಾರೆ.

ಕಚೇರಿಯಿಂದ ಬಂದ ಕಾಗದದಲ್ಲಿ ಒಂದೇ ಸಾಲು: 'ಪರದಿ ಮ್ಯಾಲ ಏನೂ ಬರವಲ್ದು.' ಹೋಗಿ ನೋಡಿದರೆ ಇಬ್ಬರು ಕ್ಲಾರ್ಕುಗಳು ಕತ್ತಲೆಯ ಪರದೆಯ ಮುಂದೆ ಕೈ ಕಟ್ಟಿ ಕೂತಿದ್ದರು.

"ಎಷ್ಟು ದಿನ ಆತ್ರಿ ಹಿಂಗಾಗಿ?" ಎಂದೆ.

"ಎಂಟು ದಿನ," ಎಂದರು ಹಿರಿಯ ಕ್ಲಾರ್ಕು.

"ಚಾಲೂ ಮಾಡಿದಾಗ ಒಳಗಿಂದ ಏನರ ಸಪ್ಪಳ ಬರ್ತದೇನ್ರಿ?"

"ಬರ್ತದಲ್ಲ. ದಿನಾ ಭೋಂಗಾ ಹೊಡಿತದ. ಒಂದು ಉದ್ದ, ಎರಡು ಗಿಡ್ಡ."

ಒಂದು ಉದ್ದ, ಎರಡು ಗಿಡ್ಡ ಎಂದರೆ ಡಿಸ್‌ಪ್ಲೇ ಕಾರ್ಡು ಸರಿಯಾಗಿ ಕೂತಿಲ್ಲ ಎಂದು ಯಂತ್ರ ಇಡುವ ಗೋಳು. ನನಗೆ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. "ಅದು ಕೇಳಿದ ಕೂಡ್ಲೇ ಹೇಳಿ ಕಳಸಬೇಕಿತ್ತಲ್ರಿ. ಎಂಟು ದಿನ ಸುಮ್ಮ ಯಾಕ ಕುಂತ್ರಿ?" ಎಂದೆ.

ಹಿರಿಯ ಕ್ಲಾರ್ಕಿಗೆ ನನ್ನ ಅಜ್ಞಾನ ನೋಡಿ ಕನಿಕರವಾಯಿತು. "ತಮ್ಮಾ, ನೀ ಇದೇ ಊರಾಗ ಇದ್ದವ. ಮೊದಲನೇ ಭೋಂಗಾ ಆತಂದ್ರ ತಯಾರಾಗು ಅಂತ ಅರ್ಥ. ಹತ್ತು ಮಿನಿಟ್ ಬಿಟ್ಟು ಎರಡನೇದು ಆಗ್ತದ. ಅದು ಆಗೋತನಕ ಯಾರರ ಕೆಲಸಕ್ಕ ಕೈ ಹಚ್ತಾರೇನು? ನಾವು ಎರಡನೇ ಭೋಂಗಾದ ಹಾದಿ ನೋಡಾಕತ್ತೀವಿ."

"ಎಂಟು ದಿನದಿಂದ?"

"ಹೌದು. ನಿಮ್ಮ ಮಷೀನಿನ ಟೈಮ್ ಕೀಪರ್ ಭಾಳ ಆಲಸಿ ಅದಾನ."

ನಾನು ಕಾರ್ಡು ಹೊರಗೆ ತೆಗೆದೆ. ಹಲ್ಲುಗಳ ಮೇಲೆ ಶಹಾಬಾದಿನ ಕಲ್ಲು ಬೂದಿಯ ಹಾಗೆ ಕೂತಿತ್ತು. ರಬ್ಬರು ತೆಗೆದು ತಿಕ್ಕತೊಡಗಿದೆ. ಅಷ್ಟರಲ್ಲಿ ಅವರ ಸಾಹೇಬರು ಬಂದು ನನ್ನ ಹಿಂದೆ ನಿಂತರು. "ಹೈದರಾಬಾದ ಕಂಪನಿ ಮನಷ್ಯಾ ಅಂದ್ರು. ಇಂಥಾ ರಬ್ಬರ್ ನಮ್ಮ ಮೊಮ್ಮಗಳ ಕಂಪಾಸಿನಾಗ ಎರಡು ಅವ" ಎಂದರು. ಪರದೆ ಬೆಳಗಿದ ಮೇಲೂ ಅವರಿಗೆ ಸಮಾಧಾನವಾಗಲಿಲ್ಲ. ತಮ್ಮಿಂದ ಆಗದ ಕೆಲಸ ಇಷ್ಟು ಸುಲಭ ಇದ್ದದ್ದು ಅವರಿಗೆ ಅವಮಾನ ಎನ್ನಿಸಿರಬೇಕು. ಸಹಿ ಹಾಕಿದರು. ಷರಾ ಬರೆದರು: 'ರಬ್ಬರಿನಿಂದ ತಿಕ್ಕಿದರು. ಬಂತು.'

ಅದನ್ನು ಓದಿದ ಮಾಲೀಕರು ಇನ್ನು ಮುಂದೆ ಯಾರ ಕಣ್ಣಿಗೂ ರಬ್ಬರ್ ಬೀಳಬಾರದು ಎಂದು ನನಗೆ ಆಣೆ ಹಾಕಿದರು.

ನಾನು ಅಲ್ಲಿಂದ ಹೊರಡುವಾಗ ಇನ್ನೊಂದಾಯಿತು. ಯಂತ್ರ ನೆಟ್ಟಗಿದ್ದರೆ ಚಾಲೂ ಮಾಡಿದಾಗ ಒಂದೇ ಒಂದು ಗಿಡ್ಡ ಸಪ್ಪಳ ಬರುತ್ತದೆ. ಹಿರಿಯ ಕ್ಲಾರ್ಕು ಅದನ್ನು ಕೇಳಿ ಬಾಗಿಲತನಕ ನನ್ನ ಹಿಂದೆ ಬಂದರು. "ಒಂದೇ ಗಿಡ್ಡ ಹೊಡಿತಲ್ಲಪಾ," ಎಂದರು. "ಇವತ್ತು ಅರ್ಧಾ ಶಿಫ್ಟ್ ಏನು?"

೨. ಥಂಡಿ

ಮೇ ತಿಂಗಳು, ವಾಡಿ. ಜಂಕ್ಷನ್ನಿನಲ್ಲಿ ಇಳಿದರೆ ಪ್ಲಾಟ್‌ಫಾರ್ಮಿನ ಪರ್ಸಿ ಕಲ್ಲು ಚಪ್ಪಲಿಯೊಳಗಿನಿಂದ ಸುಡುತ್ತಿತ್ತು. ಅಲ್ಲಿ ಒಂದು ಸಿಮೆಂಟು ಕಾರ್ಖಾನೆಯ ಸ್ಟೋರಿಗೆ ಹೋಗಬೇಕಿತ್ತು. ಪರದೆಯ ಮೇಲಿನ ಅಕ್ಷರಗಳು ನಡುಗುತ್ತಿವೆ ಎಂದು ದೂರು.

ಸ್ಟೋರಿನ ಒಳಗೆ ಕಾಲಿಟ್ಟವನು ಹಾಗೇ ನಿಂತೆ. ಮೇಜಿನ ಮೇಲಿನ ಮಾನಿಟರಿಗೆ ದಪ್ಪನೆಯ ಒಂದು ಉಣ್ಣೆಯ ಶಾಲು ಹೊಚ್ಚಿದ್ದರು. ತಲೆ, ಬೆನ್ನು, ಎರಡೂ ಮಗ್ಗಲು ಮುಚ್ಚಿ, ಗದ್ದದ ಕೆಳಗೆ ಗಂಟು ಹಾಕಿ, ಮುಖವಷ್ಟೇ ಕಾಣುವ ಹಾಗೆ ಬಿಟ್ಟಿದ್ದರು. ನಮ್ಮ ಕಡೆ ಬಾಣಂತಿಯರನ್ನು ಹೀಗೆ ಕೂಡಿಸುತ್ತಾರೆ.

"ಇದೇನ್ರಿ ಇದು?" ಎಂದೆ.

ಸ್ಟೋರ್ ಕೀಪರ್ ವಯಸ್ಸಾದವರು, ಭಾಳ ಅಂತಃಕರಣದ ಮನುಷ್ಯ. "ಥಂಡಿ ಹತ್ಯಾದರಿ ಇದಕ್ಕ," ಎಂದರು. "ನೋಡ್ರಿ ಹ್ಯಾಂಗ ನಡುಗಾಕತ್ಯಾದ. ನಾ ಮನಿಯಿಂದ ಶಾಲು ತಂದು ಹೊಚ್ಚೀನಿ. ಆದ್ರೂ ನಿಂದರವಲ್ದು."

ಅಕ್ಷರಗಳು ನಿಜವಾಗಿಯೂ ನಡುಗುತ್ತಿದ್ದವು. ನಾನು ಕಾರ್ಡು ತೆಗೆದು, ಶಾಲಿನ ಸೆರಗಿನ ಹಿಂದೆ ಕೈ ಇಟ್ಟು, ಮಾಲೀಕರ ಆಣೆ ಪ್ರಕಾರ ಗುಪ್ತವಾಗಿ ರಬ್ಬರಿನಿಂದ ತಿಕ್ಕಿದೆ. ನಡುಕ ನಿಲ್ಲಲಿಲ್ಲ. ಚೀಲದಲ್ಲಿದ್ದ ಬೇರೆ ಕಾರ್ಡು ಹಾಕಿದೆ, ತಂತಿ ಬದಲಿಸಿದೆ. ಆಗಲೂ ನಡುಕ ಹಾಗೇ ಇತ್ತು. ಮಧ್ಯಾಹ್ನವಾಯಿತು. ನನ್ನ ಬೆವರು ಕಾರ್ಡಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳುವುದೇ ಒಂದು ಕೆಲಸವಾಯಿತು.

ಆಗ ಸ್ಟೋರ್ ಕೀಪರು ಎದ್ದು, ಮಾನಿಟರಿನ ಬೆನ್ನಿಗೇ ಆನಿಸಿ ಇಟ್ಟಿದ್ದ ಕೂಲರಿಗೆ ನೀರು ತುಂಬಲೆಂದು ಅದನ್ನು ಬಂದ್ ಮಾಡಿದರು. ಪರದೆಯ ಅಕ್ಷರಗಳು ಗಕ್ಕನೆ ನಿಂತವು. ನೀರು ತುಂಬಿ ಚಾಲೂ ಮಾಡಿದರು. ಮತ್ತೆ ನಡುಕ. ಕೂಲರಿನ ಮೋಟಾರಿನ ಅಯಸ್ಕಾಂತದ ಎಳೆತಕ್ಕೆ ಚಿತ್ರ ಅಲುಗಾಡುತ್ತಿತ್ತು. ಎರಡು ತಾಸು ನಾನು ತಪ್ಪು ಕಡೆ ಅಗೆದಿದ್ದೆ.

ಅವರಿಗೆ ಅಯಸ್ಕಾಂತ, ಮೋಟಾರು ಎಂದು ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ನಾ ಮುಂಜಾನಿಂದ ಅದೇ ಹೇಳಾಕತ್ತೀನಲ್ಲ. ಕೂಲರಿನ ಗಾಳಿ ಬೆನ್ನಿಗೆ ಬಡದು ಥಂಡಿ ಹತ್ಯಾದ," ಎಂದರು. ಇಬ್ಬರೂ ಹಿಡಿದು ಕೂಲರನ್ನು ಎದುರಿನ ಗೋಡೆಗೆ ಸರಿಸಿದೆವು. ಅಕ್ಷರಗಳು ಶಿಲೆಯ ಹಾಗೆ ನಿಂತವು. ಅವರು ಖುಷಿಯಿಂದ ಷರಾ ಬರೆದರು: 'ಥಂಡಿ ಬಿಟ್ಟಿದೆ.'

ಶಾಲು ಮುಚ್ಚಿದರೆ ಯಂತ್ರದ ಬಿಸಿ ಹೊರಗೆ ಹೋಗುವುದಿಲ್ಲ, ತೆಗೆಯಿರಿ ಎಂದು ಕೇಳಿಕೊಂಡೆ. ಅದಕ್ಕೆ ಮಾತ್ರ ಅವರು ಒಪ್ಪಲಿಲ್ಲ. "ಈಗರ ಬಿಟ್ಟದರಿ," ಎಂದರು ಸಣ್ಣ ದನಿಯಲ್ಲಿ. "ಇನ್ನೂ ಎರಡು ದಿನ ಹೊಚಗೊಂಡಿರಲಿ."

೩. ಬಂದ್

ಮಳೆಗಾಲ ಶುರುವಾದ ಮೇಲೆ ಚಿಂಚೋಳಿಯಿಂದ ಕರೆ ಬಂತು. ಅಲ್ಲಿಯ ಒಂದು ಕಚೇರಿಯಲ್ಲಿ ನಾಲ್ಕು ದಿನದಿಂದ ಪರದೆ ಪೂರ್ತಿ ಕತ್ತಲೆ. ನಾನು ಸುಲೇಪೇಟದಲ್ಲಿ ಬಸ್ಸು ಬದಲಿಸಿ, ಕೆಸರು ತುಳಿದು, ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆ. ಸಾಹೇಬರು ತಮ್ಮ ಕೋಣೆಯಲ್ಲಿ ಯಂತ್ರದ ಎದುರು ಸಪ್ಪಗೆ ಕೂತಿದ್ದರು. ಕಚೇರಿಯ ಮಂದಿಯೆಲ್ಲ ಬಾಗಿಲಲ್ಲಿ ನಿಂತಿದ್ದರು.

ನಾನು ಕೂತು ಚಾಲೂ ಮಾಡಿದೆ. ಒಂದು ಗಿಡ್ಡ ಸಪ್ಪಳ. ಅಂದರೆ ಕಾರ್ಡು ಆರೋಗ್ಯವಾಗಿದೆ. ಕೈ ತಾನಾಗಿ ಮಾನಿಟರಿನ ಕೆಳಗಿನ ಬೆಳಕಿನ ಗುಂಡಿಗೆ ಹೋಯಿತು. ಅದು ಪೂರ್ತಿ ಸೊನ್ನೆಯಲ್ಲಿತ್ತು. ಸ್ವಲ್ಪ ತಿರುಗಿಸಿದೆ. ಅಕ್ಷರಗಳು ಕಂಡವು. ಬಾಗಿಲಲ್ಲಿದ್ದವರಿಗೆ ಪರದೆಯ ಬೆನ್ನಷ್ಟೇ ಕಾಣುತ್ತಿತ್ತು, ಸಾಹೇಬರೊಬ್ಬರೇ ನೋಡಿದರು. ಅವರು ಚಟ್ಟನೆ ಕೈಯೊಡ್ಡಿ ಗುಂಡಿಯನ್ನು ತಿರುಗಿ ಸೊನ್ನೆಗೆ ಇಳಿಸಿಬಿಟ್ಟರು.

"ಎಲ್ಲಾರೂ ಹೊರಗ ಹೋಗ್ರಿ. ಇಂಜಿನಿಯರ್ ಸಾಹೇಬ್ರಿಗೆ ಕೆಲಸ ಮಾಡಾಕ ಬಿಡ್ರಿ," ಎಂದು ಬಾಗಿಲು ಹಾಕಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ನಾಕು ದಿನದಿಂದ ಇಡೀ ಆಫೀಸಿನ ಕೆಲಸ ನಿಂತದ. ನಾ ಕಲ್ಬುರ್ಗಿತನಕ ಫೋನ್ ಮಾಡೀನಿ. ಇಷ್ಟು ಜಲ್ದಿ ಸುಧಾರಿಸಿದ್ರ ನನ್ನ ಮರ್ಯಾದಿ ಏನು ಉಳೀತದರಿ? ಒಂದು ತಾಸು ಬಿಚ್ಚಿದಂಗ ಮಾಡ್ರಿ," ಎಂದರು.

ನಾನು ಬಿಚ್ಚಿದೆ. ಇದ್ದಬದ್ದ ಸ್ಕ್ರೂ ಎಲ್ಲ ತೆಗೆದು ಕಾಗದದ ಮೇಲೆ ಸಾಲಾಗಿ ಇಟ್ಟೆ, ಮತ್ತೆ ಹಾಕಿದೆ. ಹೊರಗಿನವರಿಗೆ ಕೇಳಲೆಂದು ಸಾಹೇಬರು ನಡುನಡುವೆ, "ಹೌದಾ? ಅಷ್ಟೊಂದು ಕೆಟ್ಟದೇನ್ರಿ?" ಎಂದು ಗಟ್ಟಿಯಾಗಿ ಕೇಳುತ್ತಿದ್ದರು. ಕಿಟಕಿಯಿಂದ ಚಹಾ ಬಂತು, ಆಮೇಲೆ ಜೋಳದ ರೊಟ್ಟಿ, ಪುಂಡಿಪಲ್ಲೆ ಬಂತು. ನನಗೆ ಹಸಿವಾಗಿತ್ತು, ಹೊಟ್ಟೆ ತುಂಬ ಉಂಡೆ. ಉಂಡದ್ದು ದಕ್ಕಬೇಕಲ್ಲ ಎಂದು ಇನ್ನೊಂದು ಸುತ್ತು ಬಿಚ್ಚಿದೆ.

ಗುಂಡಿ ಹೇಗೆ ಇಳಿಯಿತು ಎಂಬುದು ಸಂಜೆ ಗೊತ್ತಾಯಿತು. ಕಚೇರಿಯ ಜವಾನ ಭಾಳ ನಿಯತ್ತಿನ ಮನುಷ್ಯ. ಸಂಜೆ ಫ್ಯಾನಿನ ಗುಂಡಿ, ರೇಡಿಯೋದ ಗುಂಡಿ, ನಲ್ಲಿ ಎಲ್ಲ ಬಂದ್ ಮಾಡಿ ಹೋಗುವುದು ಅವನ ಕೆಲಸ. ಈ ಹೊಸ ಯಂತ್ರದಲ್ಲೂ ತಿರುಗುವಂಥದ್ದು ಒಂದು ಕಂಡಿತು, ಅದನ್ನೂ ಬಂದ್ ಮಾಡಿದ. ನಾನು ಅವನನ್ನು ಮಗ್ಗಲಿಗೆ ಕರೆದು, ಇದೊಂದನ್ನು ಮುಟ್ಟಬೇಡ ಎಂದೆ. "ಸಾಹೇಬ್ರು ಅಂದ್ರ ಬಿಡ್ತೀನ್ರಿ," ಎಂದ. "ಆದ್ರ ಮುಂಜಾನಿ ಬಂದು ಅದನ್ನ ತೆರೆಯೂದು ಅವರ ಕೆಲಸ ಅಲ್ರಿ?"

ಸಾಹೇಬರು ಷರಾದಲ್ಲಿ ಬರೆದರು: 'ಅತ್ಯಂತ ಪರಿಶ್ರಮದಿಂದ, ಊಟದ ವೇಳೆಯನ್ನೂ ಲೆಕ್ಕಿಸದೆ, ಕಠಿಣವಾದ ದೋಷವನ್ನು ಸರಿಪಡಿಸಿದ್ದಾರೆ.' ಮಾಲೀಕರು ಆ ಚೀಟಿಯನ್ನು ಹೈದರಾಬಾದಿನ ಕಚೇರಿಯ ಗೋಡೆಗೆ ಅಂಟಿಸಿದರು. ನನ್ನ ಇಡೀ ನೌಕರಿಯಲ್ಲಿ ಗೋಡೆಗೆ ಏರಿದ್ದು ಅದೊಂದೇ.

೪. ಹೊಳೆ

ಚಿತ್ತಾಪುರದಲ್ಲಿ ಒಬ್ಬ ಮಾಸ್ತರರು ಮಾಳಿಗೆಯ ಮೇಲೆ ಕಂಪ್ಯೂಟರ್ ಕ್ಲಾಸು ತೆಗೆದಿದ್ದರು. ಒಂದೇ ಯಂತ್ರ, ಒಂದು ಕೋಣೆ ತುಂಬ ವಿದ್ಯಾರ್ಥಿಗಳು. ಪರೀಕ್ಷೆ ಬಂದಿದೆ, ಅಕ್ಷರ ಕಾಣುವುದಿಲ್ಲ, ಬೇಗ ಬನ್ನಿ ಎಂದು ಹೇಳಿ ಕಳಿಸಿದರು. ನೋಡಿದರೆ ಪರದೆಯ ಮೇಲೆ ಮೇಲಿನಿಂದ ಕೆಳಗೆ ಬರೀ ಅಲೆ. ಡೊಂಕು ಗೆರೆಗಳು ಒಂದರ ಹಿಂದೆ ಒಂದು ಹರಿದುಕೊಂಡು ಹೋಗುತ್ತಿದ್ದವು. ಡಿಸ್‌ಪ್ಲೇ ಕಾರ್ಡಿನ ಮೇಲೆ ಕಡ್ಡಿಪೆಟ್ಟಿಗೆಗಿಂತ ಸಣ್ಣದೊಂದು ಸ್ವಿಚ್ಚಿನ ಸಾಲು ಇರುತ್ತದೆ. ಯಾವ ಬಗೆಯ ಮಾನಿಟರು ಎಂದು ಅದು ಕಾರ್ಡಿಗೆ ತಿಳಿಸುತ್ತದೆ. ಅದು ತಪ್ಪಿತ್ತು. ಮೊದಲ ದಿನದಿಂದಲೇ ತಪ್ಪಿತ್ತು.

"ಇಷ್ಟು ದಿನ ಹ್ಯಾಂಗ ಕಲಿಸಿದ್ರಿ?" ಎಂದೆ.

ಮಾಸ್ತರರು ಗಂಟಲು ಸರಿಮಾಡಿಕೊಂಡರು. "ಇದಕ್ಕ ಗ್ರಾಫಿಕ್ಸ್ ಅಂತಾರ ಅಂತ ಹೇಳೀನಿ. ಅಕ್ಷರ ಎರಡನೇ ವರ್ಷಕ್ಕ ಬರ್ತಾವ ಅಂದೀನಿ."

ನಾನು ಕಾರ್ಡು ತೆಗೆದು ಸ್ವಿಚ್ಚು ಸರಿಸಿ ಕೂಡಿಸಿದೆ. ಅಲೆ ಹೋಗಿ ಸ್ವಚ್ಛ ಹಸಿರು ಅಕ್ಷರಗಳು ಬಂದವು. ನನಗೆ ಮನಸ್ಸಿಗೆ ಹಿತವೆನಿಸಿತು. ಅದೇ ಹೊತ್ತಿಗೆ ಹಳ್ಳಿಯಿಂದ ಒಬ್ಬ ಗೌಡರು, ತಮ್ಮ ಮಗ ಕಲಿಯುವುದನ್ನು ತೋರಿಸಲೆಂದು ನಾಲ್ಕು ಮಂದಿ ನೆಂಟರನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದರು. ಪರದೆ ನೋಡಿದ್ದೇ ಅವರ ಮುಖ ಇಳಿಯಿತು.

"ಮಾಸ್ತರ, ಹೊಳಿ ಎಲ್ಲಿ ಹೋತು?" ಎಂದರು.

"ಯಾವ ಹೊಳಿರಿ?"

"ಹೋದ ಸಲ ನಾ ಬಂದಾಗ ಇದರಾಗ ಹೊಳಿ ಹರೀತಿತ್ತಲ್ಲ. ನಮ್ಮ ಕಾಗಿಣಾ ಮಳಿಗಾಲದಾಗ ಹರದಂಗ. ನಾ ಇವರಿಗೆಲ್ಲ ಹೇಳಿ ಕರಕೊಂಡು ಬಂದೀನಿ."

ಮಾಸ್ತರರು ನನ್ನ ಕಡೆ ನೋಡಿದರು. ಗೌಡರೂ ನನ್ನ ಕಡೆ ನೋಡಿದರು. "ಇವ ಬಂದು ಬತ್ತಿಸಿದನೇನು?" ಎಂದರು. "ಅಕ್ಷರ ನೋಡಾಕ ನಮ್ಮ ಮನ್ಯಾಗ ಪಾಟಿ ಇಲ್ಲೇನು?"

ಮಾಸ್ತರರು ನನ್ನನ್ನು ಮೂಲೆಗೆ ಕರೆದು, ಮೊದಲಿನ ಹಾಗೇ ಮಾಡಿ ಹೋಗಿ, ಪರೀಕ್ಷೆಯ ದಿನ ಅಕ್ಷರ ಹಾಕಿಕೊಡಲು ಬನ್ನಿ ಎಂದು ಬೇಡಿಕೊಂಡರು. ನಾನೂ ಮಾಸ್ತರರ ಮಗ. ಕೆಟ್ಟದ್ದನ್ನು ಸರಿಮಾಡಿದ ಮೇಲೆ ಮತ್ತೆ ಕೆಡಿಸಲು ಕೈ ಬರಲಿಲ್ಲ. ಆಗುವುದಿಲ್ಲ ಎಂದೆ. ಹಾಗಾದರೆ ಸಹಿಯೂ ಆಗುವುದಿಲ್ಲ ಎಂದರು. ನಾನು ಖಾಲಿ ಚೀಟಿ ಹಿಡಿದು ಮಾಳಿಗೆ ಇಳಿದೆ. ನನ್ನ ಪಾಲಿನ ಎರಡು ತಪ್ಪುಗಳಲ್ಲಿ ಒಂದು ಅಲ್ಲಿಗೆ ಖರ್ಚಾಯಿತು. ಬಸ್ಸಿನಲ್ಲಿ ಕೂತು ಆ ಫೋಟೋ ನೆನೆಸಿಕೊಂಡೆ.

ಎಂಟು ದಿನ ಬಿಟ್ಟು ಅದೇ ಮಾಸ್ತರರಿಂದ ಕಂಪನಿಗೆ ಒಂದು ದೂರು ಬಂತು: 'ಪರದೆಯ ಮೇಲೆ ಅಕ್ಷರಗಳು ಬರುತ್ತಿವೆ. ಕೂಡಲೇ ಯಾರನ್ನಾದರೂ ಕಳಿಸಬೇಕು.'

೫. ಮೂವತ್ತೊಂದು ಹಲ್ಲು

ದಸರೆ ಮುಗಿದ ಮರುದಿನ ಮಾಲೀಕರು ಕರೆದರು. "ನಿನ್ನ ಆರು ತಿಂಗಳ ಕಡೀ ವಾರ ಇದು. ಸೇಡಮಿಗೆ ಹೋಗಿ ಬಾ. ಇದಕ್ಕೂ ಸಹಿ ಬರಲಿಲ್ಲಂದ್ರ ನಾ ಏನೂ ಮಾಡಾಕಾಗಂಗಿಲ್ಲ," ಎಂದು ವಿಳಾಸ ಕೊಟ್ಟರು. ವಿಳಾಸವನ್ನು ಎರಡು ಸಲ ಓದಿದೆ. ಹುಡುಗಿಯ ತಂದೆ ಹೆಡ್ ಕ್ಲಾರ್ಕಾಗಿದ್ದ ಕಾರ್ಖಾನೆ ಅದೇ.

ಕಚೇರಿಯಲ್ಲಿ ಖಂಡೇಪೂಜೆಯ ಗುರುತು ಇನ್ನೂ ಹಸಿಯಾಗಿತ್ತು. ನಮ್ಮ ಕಡೆ ಮಹಾನವಮಿಯ ದಿನ ಕೆಲಸದ ಸಾಮಾನಿಗೆಲ್ಲ ಪೂಜೆ. ಪಾನಾ, ಸುತ್ತಿಗೆ ತೊಳೆದು ಕುಂಕುಮ ಹಚ್ಚುತ್ತಾರೆ. ಅಲ್ಲಿ ಟೈಪ್‌ರೈಟರುಗಳ ಕೊರಳಲ್ಲಿ ಚೆಂಡುಹೂವು ಬಾಡುತ್ತಿತ್ತು. ಕಂಪ್ಯೂಟರಿನ ಕೋಣೆಯಲ್ಲಿ ಕಚ್ಚೆ ಧೋತರ, ಕೋಟು, ಹಣೆಗೆ ಅಂಗಾರ ಅಕ್ಷತೆ ಹಚ್ಚಿದ ಒಬ್ಬ ಹಿರಿಯರು ಒಬ್ಬರೇ ನಿಂತಿದ್ದರು. ಹೆಡ್ ಕ್ಲಾರ್ಕು ಒಳಗಿದ್ದಾರೆ ಎಂದು ಹೊರಗೆ ಜವಾನ ಹೇಳಿದ್ದ, ಹುಡುಗಿಯ ತಂದೆ ಇವರೇ ಎಂದು ಗೊತ್ತಾಯಿತು. ಅವರು ನನ್ನನ್ನು ನೋಡಿರಲಿಲ್ಲ. ನಾನೂ ಹೇಳಲಿಲ್ಲ.

"ಪರದಿ ಮ್ಯಾಲ ಏನೂ ಬರವಲ್ದು," ಎಂದರು.

ಚಾಲೂ ಮಾಡಿದೆ. ಒಂದು ಉದ್ದ, ಎರಡು ಗಿಡ್ಡ. ಪೆಟ್ಟಿಗೆ ಬಿಚ್ಚಿ ಕಾರ್ಡು ಹೊರಗೆ ಎಳೆದೆ. ಆರು ತಿಂಗಳಲ್ಲಿ ಆ ಹಲ್ಲುಗಳ ಮೇಲೆ ಕಲ್ಲಿನ ಪುಡಿ ನೋಡಿದ್ದೆ, ಸಿಮೆಂಟು ನೋಡಿದ್ದೆ, ಒಮ್ಮೆ ಜಿರಳೆ ನೋಡಿದ್ದೆ. ಇದನ್ನು ನೋಡಿರಲಿಲ್ಲ. ಒಂದೊಂದು ಹಲ್ಲಿಗೂ ಅರಿಷಿಣದ ಒಂದು ಸಣ್ಣ ಗೆರೆ, ಅದರ ನಡುವೆ ಕುಂಕುಮದ ಒಂದು ಬೊಟ್ಟು. ಗಂಧದ ಕಡ್ಡಿಯ ತುದಿಯಿಂದ ಹಚ್ಚಿರಬೇಕು, ಅಷ್ಟು ಅಚ್ಚುಕಟ್ಟು. ಕಾರ್ಡು ಕೂಡುವ ಸೀಳಿನೊಳಗೆ ಹಳದಿಯದೊಂದು ಅಕ್ಷತೆಯ ಕಾಳು ಕೂತಿತ್ತು.

ಅವರು ಹೋಗಿ ಬಾಗಿಲು ಮುಚ್ಚಿ ಬಂದರು.

"ಪೂಜಿ ನಾನೇ ಮಾಡೀನಿ," ಎಂದರು. "ಯಂತ್ರ ಕೂಡಸ್ಲಿಕ್ಕೆ ಬಂದಾಗ ನಿಮ್ಮವರು ಇದನ್ನ ತಗದು ಹಾಕಿದ್ದು ನೋಡಿದ್ದೆ."

"ಪೆಟಗಿಗೆ ಹೊರಗ ಕುಂಕಮಾ ಹಚ್ಚಿದ್ರ ಸಾಕಿತ್ತಲ್ರಿ?" ಎಂದೆ ಮೆಲ್ಲಗೆ.

"ಪೆಟಗಿ ಗುಡಿ ಇದ್ದಂಗ. ಗುಡಿ ಗ್ವಾಡಿಗೆ ಪೂಜಿ ಮಾಡಿ, ದೇವರನ್ನ ಒಳಗ ಹಂಗ ಬಿಟ್ಟು ಬರ್ತಾರೇನು?"

ಅವರು ಇನ್ನಷ್ಟು ಹತ್ತಿರ ಬಂದರು. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. "ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಒಂದೊಂದು ಹಲ್ಲಿಗೆ ಒಂದೊಂದು ನಾಮ ಹೇಳಿ ಹಚ್ಚೀನಿ. ಕೇಶವಾಯ ನಮಃ ಅಂತ ಸುರು ಮಾಡಿದೆ. ಹಲ್ಲು ಮೂವತ್ತೊಂದು. ನಾಮ ಇಪ್ಪತ್ನಾಕು. ಏಳು ಹಲ್ಲು ಉಳದವು. ಅರ್ಧಕ್ಕ ಬಿಡಬಾರದಂತ ಮತ್ತ ಕೇಶವನಿಂದ ಹಿಡದು ಏಳು ಹಚ್ಚಿದೆ. ಆ ಏಳರಾಗ ಏನರ ತಪ್ಪಾಗ್ಯದೇನು?"

"ಇಲ್ರಿ," ಎಂದೆ. "ನಾಮದಾಗ ಏನೂ ತಪ್ಪಿಲ್ಲ."

ಅವರು ಉಸಿರು ಬಿಟ್ಟರು. ಆಮೇಲೆ ಗೋಡೆಯ ಮೇಲಿನ ಒಂದು ನೋಟೀಸು ತೋರಿಸಿದರು. ಪೆಟ್ಟಿಗೆಯನ್ನು ಯಾರೂ ಬಿಚ್ಚಕೂಡದು, ಬಿಚ್ಚಿದವರ ಮೇಲೆ ಕ್ರಮ ಎಂದು ಮ್ಯಾನೇಜರ್ ಸಾಹೇಬರ ಸಹಿಯೊಂದಿಗೆ ಬರೆದಿತ್ತು. "ಇಪ್ಪತ್ತೆಂಟು ವರ್ಷ ನೌಕರಿ ಮಾಡೀನಿ, ಒಂದು ಮೆಮೊ ತಗೊಂಡವಲ್ಲ. ಮಗಳ ಮದವಿ ಬ್ಯಾರೆ ಅದ," ಎಂದರು. ಮಗಳು ಎಂದದ್ದೇ ನನ್ನ ಕೈಯೊಳಗಿನ ಕಾರ್ಡು ನಡುಗಿತು. ಹತ್ತಿರದಲ್ಲಿ ಯಾವ ಕೂಲರೂ ಇರಲಿಲ್ಲ.

ರಬ್ಬರು ತೆಗೆದೆ. ಮಾಲೀಕರ ಆಣೆ ಅಲ್ಲಿ ಮುರಿಯದೆ ಗತ್ಯಂತರವಿರಲಿಲ್ಲ. ತಿಕ್ಕಬೇಕು ಎನ್ನುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದರು. "ಅದು ಪ್ರಸಾದ ಆಗ್ಯದ. ನೆಲಕ್ಕ ಚೆಲ್ಲಬ್ಯಾಡ್ರಿ," ಎಂದು ತಮ್ಮ ಅಂಗವಸ್ತ್ರವನ್ನೇ ಮೇಜಿನ ಮೇಲೆ ಹಾಸಿದರು. ನಾನು ಒಂದೊಂದೇ ಹಲ್ಲು ತಿಕ್ಕಿದೆ. ಅವರು ಕಣ್ಣು ಮುಚ್ಚಿ, ಹಚ್ಚಿದ ನಾಮಗಳನ್ನು ಕೊನೆಯಿಂದ ಮೊದಲಿಗೆ ಒಂದೊಂದಾಗಿ ಹೇಳುತ್ತ ಬಂದರು. ಅವರ ನಾಮ ಮುಗಿಯದೆ ನಾನು ಮುಂದಿನ ಹಲ್ಲಿಗೆ ಹೋಗುವ ಹಾಗಿರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಕಾರ್ಡು ತಿಕ್ಕಿಲ್ಲ. ಉದುರಿದ ಹಳದಿ ಪುಡಿಯನ್ನು ಅವರು ತುಳಸಿಗೆ ಹಾಕಲೆಂದು ಗಂಟು ಕಟ್ಟಿಕೊಂಡರು.

ಚಿಮಟಿಯಿಂದ ಅಕ್ಷತೆಯ ಕಾಳು ಹೊರಗೆ ತೆಗೆದೆನೋ ಇಲ್ಲವೋ, ಬಾಗಿಲು ತೆರೆಯಿತು. ಉತ್ತರದ ಕಡೆಯವರಾದ ಮ್ಯಾನೇಜರ್ ಸಾಹೇಬರು. "ಕ್ಯಾ ಥಾ ಅಂದರ್?" ಎಂದು ಕೇಳಿದರು, ಒಳಗೆ ಏನಿತ್ತು ಎಂದು. ಹೆಡ್ ಕ್ಲಾರ್ಕರು ಕೈಯಲ್ಲಿದ್ದ ಗಂಟನ್ನು ಬೆನ್ನ ಹಿಂದೆ ಮಾಡಿದರು. ನಾನು ಕಾಳನ್ನು ಮುಷ್ಟಿಯಲ್ಲಿ ಹಿಡಿದು, "ನಿಕಲ್ ಗಯಾ, ಸಾಬ್," ಎಂದೆ. ಹೊರಗೆ ಬಂದಿದ್ದು ನಿಜವೇ ಆಗಿತ್ತು. ಕಾರ್ಡು ಕೂಡಿಸಿ ಚಾಲೂ ಮಾಡಿದೆ. ಒಂದು ಗಿಡ್ಡ ಸಪ್ಪಳವಾಗಿ ಪರದೆ ಬೆಳಗಿತು. ಸಾಹೇಬರು ತಲೆ ಆಡಿಸಿ ಹೋದರು.

ಈಗ ಚೀಟಿ. 'ದೋಷದ ಕಾರಣ' ಕಾಲಮ್ಮಿನ ಮೇಲೆ ಪೆನ್ನು ಇಟ್ಟು ಕೂತೆ. ಅರಿಷಿಣ ಎಂದು ಬರೆದರೆ ಅವರಿಗೆ ಮೆಮೊ, ನನಗೆ ಸಹಿ ಇಲ್ಲ, ಫೋಟೋ ವಾಪಸ್ಸು. ಸುಳ್ಳು ಬರೆಯಲು ಮಾಸ್ತರರ ಮಗನಿಗೆ ಕೈ ಬಾರದು. ಬಹಳ ಯೋಚಿಸಿ 'ತೇವ' ಎಂದು ಬರೆದೆ. ಅರಿಷಿಣವನ್ನು ನೀರಿನಲ್ಲೇ ಕಲಸಿರುತ್ತಾರೆ. ನಮ್ಮಪ್ಪ ನೋಡಿದ್ದರೆ ಅರ್ಧ ಮಾರ್ಕು ಕಳೆಯುತ್ತಿದ್ದರು, ಪೂರ್ತಿ ಕಳೆಯುತ್ತಿರಲಿಲ್ಲ.

ಅವರು ಚಾಳೀಸು ಹಾಕಿಕೊಂಡು ಚೀಟಿ ಓದಿದರು. ಕೆಳಗಿದ್ದ ನನ್ನ ಹೆಸರಿನ ಹತ್ತಿರ ಬಂದು ನಿಂತರು.

"ಗುಂಡಗುರ್ತಿ ಮಾಸ್ತರರು ನಿಮಗೇನಾಗಬೇಕು?"

"ನಮ್ಮ ತಂದಿಯವರು."

ಅವರು ನನ್ನನ್ನು ತಲೆಯಿಂದ ಕಾಲಿನತನಕ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಹಳದಿಯಾದ ರಬ್ಬರನ್ನು ನೋಡಿದರು. ಆ ಕಡೆ ತಿರುಗಿ ಷರಾ ಬರೆದು, ಸಹಿ ಹಾಕಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟರು. ಬಿಚ್ಚಿ ಓದಲು ನನಗೆ ಧೈರ್ಯ ಸಾಲಲಿಲ್ಲ, ಹಾಗೇ ಹೈದರಾಬಾದಿಗೆ ಒಯ್ದೆ.

ಮಾಲೀಕರು ಮೊದಲು ಕಾರಣ ಓದಿದರು. "ವಾಡಿಯೊಳಗ ಮೇ ತಿಂಗಳದಾಗ ಥಂಡಿ. ಸೇಡಮಿನಾಗ ತೇವ. ನೀ ಯಾವ ದೇಶದಾಗ ತಿರಗ್ಯಾಡಾಕತ್ತಿ?" ಎಂದರು. ಆಮೇಲೆ ಷರಾ ಓದಿದರು, ಗಟ್ಟಿಯಾಗಿ: 'ಹುಡುಗ ಸಂಭಾವಿತ. ಮಾತು ಕಡಿಮೆ. ಕೈ ನಿಧಾನ. ಹಿರಿಯರ ಮರ್ಯಾದೆ ಕಾಯುತ್ತಾನೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ ಇದೆ. ನೌಕರಿ ಬೇಗ ಕಾಯಂ ಮಾಡಬೇಕು.'

ಮಾಲೀಕರು ಚೀಟಿ ಕೆಳಗಿಟ್ಟರು. "ಇದು ಕಂಪ್ಯೂಟರ್ ಸುಧಾರಿಸಿದ ಚೀಟಿನೋ, ವರ ನೋಡಿದ ಚೀಟಿನೋ?"

"ಎರಡೂ ಹೌದ್ರಿ," ಎಂದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕೂತಲ್ಲೇ ಕಾಯಂ ಆರ್ಡರು ಬರೆಸಿದರು.

ಮದುವೆ ಸೇಡಮಿನಲ್ಲೇ ಆಯಿತು. ಅರಿಷಿಣ ಹಚ್ಚುವ ದಿನ ಹೆಂಗಸರೆಲ್ಲ ಸೇರಿ ನನ್ನ ಮುಖ, ಕೈ, ಕಾಲು ಏನೂ ಬಿಡದೆ ಬಳಿದು ಮಣೆಯ ಮೇಲೆ ಕೂಡಿಸಿದ್ದರು. ಮಾವನವರು ಬಂದು ಒಂದು ಗಳಿಗೆ ನನ್ನ ಮುಂದೆ ನಿಂತರು, ಆ ಕಡೆ ಈ ಕಡೆ ನೋಡಿದರು, ಕಿವಿಯ ಹತ್ತಿರ ಬಗ್ಗಿದರು.

"ಅಳಿಯಂದ್ರ," ಎಂದರು, "ಇದಕ್ಕ ರಬ್ಬರ್ ಹಚ್ಚಬ್ಯಾಡ್ರಿ."